ದೋಣಿ ದಡ ಸೇರಲು ಎಷ್ಟು ನಿಮಿಷ? ಮಲೆನಾಡಿನ ಕೆರೆ, ಹಿನ್ನೀರಿಗೆ ಸಿಡಿಲು–ಬಿರುಗಾಳಿ ಎಚ್ಚರಿಕೆ ಕಟ್ಟುವ ಬಗೆ

ಸೈರನ್ನಿಗೆ ಕೊಟೇಶನ್ ತರಿಸುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮಲ್ಲಿರುವ ಅತಿ ನಿಧಾನದ ದೋಣಿಯನ್ನು, ಹೆಚ್ಚಿನ ಕಡೆ ಅದು ಪೆಡಲ್ ದೋಣಿಯೇ, ಹೋಗಲು ಬಿಡುವ ಅತಿ ದೂರದ ಜಾಗಕ್ಕೆ ಕಳಿಸಿ. ತುಳಿದು ಅಭ್ಯಾಸವಿಲ್ಲದ ಇಬ್ಬರನ್ನು ಅದರಲ್ಲಿ ಕೂರಿಸಿ. ಎದುರುಗಾಳಿ ಇರುವ ಹೊತ್ತು ನೋಡಿ ವಾಪಸ್ ಕರೆದು ಗಡಿಯಾರ ನೋಡುತ್ತಾ ನಿಲ್ಲಿ. ಜೆಟ್ಟಿಗೆ ಬಂದರೆಂದು ಲೆಕ್ಕ ನಿಲ್ಲಿಸಬೇಡಿ. ಇಳಿದು, ಏರಿ ಹತ್ತಿ, ನಡೆದು, ಗಟ್ಟಿ ಕಟ್ಟಡದ ಹೊಸ್ತಿಲು ದಾಟಿದಾಗ ನಿಲ್ಲಿಸಿ. ಆ ನಿಮಿಷಗಳೇ ಎಚ್ಚರಿಕೆ ವ್ಯವಸ್ಥೆಯ ಬುನಾದಿ. ಕಂಬ, ದೀಪ, ಸೆನ್ಸರು, ಆ್ಯಪು ಎಲ್ಲ ಆಮೇಲಿನ ಮಾತು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಪೆಡಲ್ ದೋಣಿ ನಿಂತ ನೀರಿನಲ್ಲಿ ಗಂಟೆಗೆ 4 ಕಿ.ಮೀ. ಹೋದರೆ ಹೆಚ್ಚು. ಎದುರುಗಾಳಿಗೆ ಅದು 2ಕ್ಕೆ ಇಳಿಯುತ್ತದೆ. ದಡದಿಂದ 500 ಮೀಟರು ದೂರವಿದ್ದರೆ ಬರಲು 15 ನಿಮಿಷ. ಸೈರನ್ ಒತ್ತಬೇಕೋ ಬೇಡವೋ ಎಂಬ ಯೋಚನೆಗೆ 2, ಜೆಟ್ಟಿಯಲ್ಲಿ ಸಾಲು ನಿಂತು ಇಳಿಯಲು 3, ಮಕ್ಕಳು ಮರಿ ಕಟ್ಟಿಕೊಂಡು 200 ಮೀಟರು ನಡೆಯಲು 4. ಒಟ್ಟು 24 ನಿಮಿಷ. ಗುಡುಗಿನ ಮೋಡ ಗಂಟೆಗೆ 30 ಕಿ.ಮೀ. ವೇಗದಲ್ಲಿ ಬರುತ್ತಿದ್ದರೆ ಅಷ್ಟರಲ್ಲಿ 12 ಕಿ.ಮೀ. ಹತ್ತಿರವಾಗಿರುತ್ತದೆ. ಮಳೆ ಸುರಿಯುವ ಜಾಗದಿಂದ 10 ಕಿ.ಮೀ. ಆಚೆಗೂ ಸಿಡಿಲು ಬಡಿಯಬಲ್ಲದು, ಹಾಗಾಗಿ ಅದನ್ನೂ ಕೂಡಿಸಿ. ಅಂದರೆ ಮೋಡ 22 ಕಿ.ಮೀ. ದೂರದಲ್ಲಿರುವಾಗಲೇ ದೋಣಿ ತಿರುಗಬೇಕು.

ಅದೇ ದೋಣಿಯನ್ನು 1 ಕಿ.ಮೀ. ಹೋಗಲು ಬಿಟ್ಟರೆ ಲೆಕ್ಕ 39 ನಿಮಿಷಕ್ಕೆ ಏರುತ್ತದೆ, ದೂರ ಸುಮಾರು 30 ಕಿ.ಮೀ. ಆಗುತ್ತದೆ. ಏಪ್ರಿಲ್ ಕೊನೆಯಲ್ಲಿ ಮಲೆನಾಡಿನ ಯಾವ ಕೆರೆಯ ಸುತ್ತ 30 ಕಿ.ಮೀ. ಒಳಗೆ ಮಧ್ಯಾಹ್ನ ಎಲ್ಲಾದರೂ ಒಂದು ಕಡೆ ಗುಡುಗುವುದಿಲ್ಲ? ದಿನಾ ಸೈರನ್ ಕೂಗುತ್ತದೆ, ದಿನಾ ಏನೂ ಆಗುವುದಿಲ್ಲ, ಹತ್ತನೇ ದಿನ ಯಾರೂ ತಲೆ ಎತ್ತಿ ನೋಡುವುದಿಲ್ಲ. ಆದ್ದರಿಂದ ಮೊದಲು ಕೈಹಾಕಬೇಕಾದದ್ದು ತೇಲುವ ಬೋಯ್‌ಗಳಿಗೆ. ಹಳದಿ ಬೋಯ್‌ಗಳನ್ನು ಹಗ್ಗ ಕಟ್ಟಿ, 250–300 ಮೀಟರಿನಲ್ಲಿ ಪೆಡಲ್ ದೋಣಿಯ ಗಡಿ ಹಾಕಿ. ಹರಿಗೋಲಿಗೂ ಅದೇ ಗಡಿ. ಗಾಳಿಗೆ ಹರಿಗೋಲು ಸುತ್ತುತ್ತದೆಯೇ ಹೊರತು ಮುಂದೆ ಸಾಗುವುದಿಲ್ಲ. ಮೋಟಾರು ದೋಣಿಗೆ ಬೇರೆ ಗಡಿ ಇರಲಿ. ಇಡೀ ವ್ಯವಸ್ಥೆಯಲ್ಲಿ ಇಷ್ಟು ಅಗ್ಗದಲ್ಲಿ ಇಷ್ಟು ನಿಮಿಷ ಉಳಿಸುವ ಸಾಮಾನು ಇನ್ನೊಂದಿಲ್ಲ.

ಕೆಂಪು ದಿನಕ್ಕಿಂತ ಹಳದಿ ದಿನ ಮೋಸ

ಮಲೆನಾಡು ಎಂದರೆ ಮಳೆಗಾಲ, ಮಳೆಗಾಲ ಎಂದರೆ ಅಪಾಯ ಎಂದು ಹೊರಗಿನವರು ತಿಳಿಯುತ್ತಾರೆ. ಆಗುಂಬೆ, ಹುಲಿಕಲ್ಲಿನಲ್ಲಿ ಆರಿದ್ರಾ, ಪುನರ್ವಸು ಮಳೆ ಹೊಯ್ಯುವಾಗ ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ಕೊಡುತ್ತದೆ, ನಿಜ. ಆದರೆ ಆ ದಿನ ದೋಣಿಗೆ ಜನವೇ ಇರುವುದಿಲ್ಲ, ಜಡಿಮಳೆಯಲ್ಲಿ ಗುಡುಗು ಸಿಡಿಲೂ ಕಡಿಮೆ. ಕೆರೆಗೆ ನಿಜವಾದ ಗಂಡಾಂತರ ಎರಡು ಕಾಲದಲ್ಲಿ. ಒಂದು, ಯುಗಾದಿ ಕಳೆದ ಮೇಲೆ ರೇವತಿಯಿಂದ ಕೃತ್ತಿಕೆಯವರೆಗಿನ ಮುಂಗಾರುಪೂರ್ವ ಮಳೆಗಳು. ಶಾಲೆಗೆ ರಜೆ, ಬೆಳಗ್ಗೆ ಸುಡುಬಿಸಿಲು, ಮಧ್ಯಾಹ್ನ ಎರಡರ ಮೇಲೆ ಘಟ್ಟದ ಕಡೆ ಹೂಕೋಸಿನಂತೆ ಮೋಡ ಏಳುತ್ತದೆ, ಕೆರೆಯಲ್ಲಿ ಜನ ತುಂಬಿರುವುದೂ ಆಗಲೇ. ಇನ್ನೊಂದು, ದಸರಾ ರಜೆಯ ಆಸುಪಾಸಿನ ಹಸ್ತಾ, ಚಿತ್ತಾ. ಆ ದಿನಗಳಲ್ಲಿ ಜಿಲ್ಲೆಗೆ ಇರುವುದು ಹಳದಿ ಬಣ್ಣ ಮಾತ್ರ. ಕೆಲವೊಮ್ಮೆ ಅದೂ ಇರುವುದಿಲ್ಲ.

ಜಿಲ್ಲೆಯ ಬಣ್ಣ ನೋಡಿ ದೋಣಿ ನಿಲ್ಲಿಸುವುದೂ ತಪ್ಪು, ಬಿಡುವುದೂ ತಪ್ಪು. ಶಿವಮೊಗ್ಗ ಜಿಲ್ಲೆ ಎಂದರೆ ಶಿಕಾರಿಪುರದ ಬಯಲೂ ಹೌದು, ಆಗುಂಬೆಯ ಅಂಚೂ ಹೌದು. ಬಣ್ಣ ಹೇಳುವುದು ಇಷ್ಟೇ: ಇವತ್ತು ಕಾವಲು ಕೂರಬೇಕೋ ಬೇಡವೋ.

ಕಾವಲು ಕೂರುವವರು ಏನೇನು ನೋಡಬೇಕು

ಬೆಳಗ್ಗೆ ದೋಣಿ ಬಿಚ್ಚುವ ಮುನ್ನ ಹವಾಮಾನ ಇಲಾಖೆಯ ‘ಮೌಸಮ್’ ಆ್ಯಪ್ ನೋಡಿ, ಬಣ್ಣವನ್ನು ಟಿಕೆಟ್ ಕೌಂಟರಿನ ಬೋರ್ಡಿಗೆ ಬರೆಯಿರಿ. ಮಧ್ಯಾಹ್ನ 12ರಿಂದ ಇಲಾಖೆಯ ಮೂರು ಗಂಟೆಯ ತಕ್ಷಣದ ಮುನ್ಸೂಚನೆಯನ್ನು ಗಮನಿಸುತ್ತಿರಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಆ್ಯಪಿನಲ್ಲಿ ನಿಮ್ಮ ಜಾಗವನ್ನು ಗುರುತು ಮಾಡಿಟ್ಟರೆ ಎಚ್ಚರಿಕೆ ತಾನಾಗಿ ಬರುತ್ತದೆ. ಸಿಡಿಲಿಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಇದೆ. ನೀವಿರುವ ಜಾಗದಿಂದ 20 ಮತ್ತು 40 ಕಿ.ಮೀ. ವೃತ್ತದೊಳಗೆ ಬಿದ್ದ ಮಿಂಚನ್ನು ಅದು ತೋರಿಸುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್, ‘ವರುಣ ಮಿತ್ರ’ ಸಹಾಯವಾಣಿ ಎರಡೂ ಕನ್ನಡದಲ್ಲಿ ಸಿಗುತ್ತವೆ. ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳ, ಪಂಚಾಯಿತಿ ಮಟ್ಟದ ಮಳೆ ಮಾಪಕಗಳ ಲೆಕ್ಕ ಅವರಲ್ಲಿ 15 ನಿಮಿಷಕ್ಕೊಮ್ಮೆ ಸೇರುತ್ತದೆ.

ರಡಾರ್ ಚಿತ್ರವನ್ನು ಎಷ್ಟು ನಂಬಬೇಕು? ಗೋವಾದ ರಡಾರಿನಿಂದ ಸಾಗರಕ್ಕೆ ನೇರ ಗೆರೆಯಲ್ಲಿ 200 ಕಿ.ಮೀ. ಹತ್ತಿರ. ಭೂಮಿ ಬಾಗಿರುವುದರಿಂದ ಅಷ್ಟು ದೂರದಲ್ಲಿ ಅದರ ಅತಿ ಕೆಳಗಿನ ಕಿರಣವೂ ನೆಲದಿಂದ ಸುಮಾರು 4 ಕಿ.ಮೀ. ಎತ್ತರದಲ್ಲಿ ಹೋಗುತ್ತದೆ. ಎತ್ತರಕ್ಕೆ ಬೆಳೆದ ಮೋಡದ ತಲೆ ಕಾಣುತ್ತದೆ. ಮೋಡದ ಬುಡದಿಂದ ತಣ್ಣಗೆ ನುಗ್ಗಿ ಬರುವ ಗಾಳಿ ಕಾಣುವುದಿಲ್ಲ, ದೋಣಿ ಮಗುಚುವುದು ಅದೇ ಗಾಳಿಗೆ.

ಹಾಗಾಗಿ ಕಣ್ಣು ಬೇಕೇ ಬೇಕು. ಆದರೆ ಗುಡ್ಡದ ನಡುವಿನ ಕೆರೆಯಲ್ಲಿ ಬಯಲಿನಂತೆ ದಿಗಂತ ಕಾಣುವುದಿಲ್ಲ. ಮೋಡ ಗುಡ್ಡ ದಾಟಿ ಮುಖ ತೋರಿಸುವಾಗ ಅದು ಐದಾರು ಕಿ.ಮೀ. ಹತ್ತಿರ ಬಂದಾಗಿರುತ್ತದೆ. ಇದಕ್ಕೆ ಊರ ಉಪಾಯವೇ ಸರಿ: 15–20 ಕಿ.ಮೀ. ಆಸುಪಾಸಿನಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಮನೆಯವರನ್ನು ಗೊತ್ತು ಮಾಡಿಕೊಳ್ಳಿ. ಹೊನ್ನೇಮರಡುವಿನ ಹಿನ್ನೀರಿಗಾದರೆ ತಾಳಗುಪ್ಪ, ಸಾಗರ, ಕಾರ್ಗಲ್, ತುಮರಿ ಕಡೆ ಒಬ್ಬೊಬ್ಬರು. ಗಾಜನೂರಿನ ತುಂಗಾ ಹಿನ್ನೀರಿಗಾದರೆ ಮಂಡಗದ್ದೆ, ಆಯನೂರು, ಉಂಬ್ಳೇಬೈಲು, ಶಿವಮೊಗ್ಗ. ದಿನಸಿ ಅಂಗಡಿಯವರಾದರೆ ಒಳ್ಳೆಯದು, ಇಡೀ ದಿನ ಬಾಗಿಲಲ್ಲೇ ಇರುತ್ತಾರೆ. ಅವರು ಹೇಳಬೇಕಾದದ್ದು ಒಂದೇ ಮಾತು: ‘ಇಲ್ಲಿ ಗುಡುಗು ಕೇಳ್ತಿದೆ, ಇಂಥಾ ಕಡೆಯಿಂದ.’

ಸ್ಥಳದಲ್ಲೇ ಇಡುವ ಸಿಡಿಲು ಸೆನ್ಸರುಗಳಲ್ಲಿ ಅಗ್ಗದ್ದು ಎಎಸ್3935 ಎಂಬ ಚಿಪ್ ಇರುವ ಬೋರ್ಡು. ಸುಮಾರು 40 ಕಿ.ಮೀ.ವರೆಗಿನ ಮಿಂಚಿನ ದೂರವನ್ನು ಅಂದಾಜು ಮಾಡುತ್ತದೆ. ದಿಕ್ಕು ಹೇಳುವುದಿಲ್ಲ. ಮೋಟಾರು, ಮೊಬೈಲ್ ಚಾರ್ಜರು, ಹಳೇ ಟ್ಯೂಬ್‌ಲೈಟಿನ ಚೋಕು ಯಾವುದು ಹತ್ತಿರವಿದ್ದರೂ ಮಿಂಚೆಂದು ಮೋಸ ಹೋಗುತ್ತದೆ. ಟಿಕೆಟ್ ಕೌಂಟರಿನ ಇನ್‌ವರ್ಟರ್ ಪಕ್ಕ ಇಟ್ಟರೆ ದಿನವಿಡೀ ಸಿಡಿಲೇ. ಎರಡನೇ ಸಾಕ್ಷಿಯಾಗಿ ಮಾತ್ರ ಇಟ್ಟುಕೊಳ್ಳಿ, ಸೈರನ್ನಿಗೆ ನೇರ ಜೋಡಿಸಬೇಡಿ. ದುಬಾರಿಯದ್ದು ವಿದ್ಯುತ್ ಕ್ಷೇತ್ರ ಅಳೆಯುವ ಫೀಲ್ಡ್ ಮಿಲ್. ಮೊದಲ ಸಿಡಿಲು ಬೀಳುವ ಮುಂಚೆಯೇ ತಲೆ ಮೇಲಿನ ಮೋಡ ವಿದ್ಯುತ್ ತುಂಬಿಕೊಳ್ಳುತ್ತಿರುವುದನ್ನು ಹೇಳುವುದು ಅದೊಂದೇ. ಆದರೆ ಅದರ ತಿರುಗುವ ತಟ್ಟೆಗೆ ಜೇಡ ಬಲೆ ಕಟ್ಟಿದರೂ ಲೆಕ್ಕ ತಪ್ಪುತ್ತದೆ, ವಾರಕ್ಕೊಮ್ಮೆ ಒರೆಸುವ ಆಳು ಇಲ್ಲದಿದ್ದರೆ ಕೊಳ್ಳಬೇಡಿ. ಇವೆರಡಕ್ಕಿಂತ ಮೊದಲು, ಮನೆಯ ಅಟ್ಟದಲ್ಲಿ ಭದ್ರಾವತಿ ಆಕಾಶವಾಣಿ ಕೇಳಿದ ಹಳೇ ಮೀಡಿಯಂ ವೇವ್ ರೇಡಿಯೊ ಇದ್ದರೆ ಇಳಿಸಿ ತನ್ನಿ. ಯಾವ ನಿಲಯವೂ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿಡಿ. ದೂರದಲ್ಲಿ ಮಿಂಚಿದಾಗಲೆಲ್ಲ ‘ಕರ್ರ್’ ಎನ್ನುತ್ತದೆ. ಆ ಸದ್ದು ದಟ್ಟವಾಗುತ್ತಾ ಬಂದರೆ ಮೇಲೆ ನೋಡುವ ಹೊತ್ತಾಯಿತು.

ಗಾಳಿ ಅಳೆಯಲು ಬಟ್ಟಲು ಮಾದರಿಯ ಮಾಪಕ ಸಾಕು. 10 ಮೀಟರು ಎತ್ತರದ ಕಂಬ, ಸುತ್ತ ಇರುವ ಮರದ ಎತ್ತರದ ಹತ್ತುಪಟ್ಟು ದೂರ ಎಂಬುದು ಹವಾಮಾನ ಶಾಸ್ತ್ರದ ನಿಯಮ. ನಮ್ಮ ಕಾಡಿನ ನಡುವೆ ಅದು ಸಿಗುವುದು ಕಷ್ಟ. ನೀರಿನೊಳಕ್ಕೆ ಚಾಚಿಕೊಂಡ ನೆಲದ ಮೂಗಿನ ಮೇಲೆ ನೆಟ್ಟರೆ ಹತ್ತಿರಹತ್ತಿರ ಸರಿಹೋಗುತ್ತದೆ. ಟಿಕೆಟ್ ಕೌಂಟರಿನ ಚಾವಣಿ ಮೇಲೆ, ಅಕೇಶಿಯಾ ತೋಪಿನ ಮರೆಯಲ್ಲಿ ಕೂರಿಸಿದರೆ ಕೆರೆ ನಡುವೆ ಗಾಳಿ ಗಂಟೆಗೆ 35 ಕಿ.ಮೀ. ಇದ್ದಾಗ ಇಲ್ಲಿ 12 ತೋರಿಸಿ ಎಲ್ಲರನ್ನೂ ನೆಮ್ಮದಿಯಲ್ಲಿಡುತ್ತದೆ. ಸರಾಸರಿ ವೇಗದ ಜತೆ ಬೀಸಿನ ವೇಗವನ್ನೂ, ಅಂದರೆ 3 ಸೆಕೆಂಡಿನ ಗರಿಷ್ಠವನ್ನೂ, ತೋರಿಸುವ ಮಾಪಕವೇ ಬೇಕು.

ಯಂತ್ರವಿಲ್ಲದಿದ್ದರೂ ಓದಬಹುದಾದ ಗುರುತುಗಳಿವೆ. ಅಲೆಯ ತಲೆಯಲ್ಲಿ ಅಲ್ಲಲ್ಲಿ ಬಿಳಿ ನೊರೆ ಒಡೆದರೆ ಗಾಳಿ ಗಂಟೆಗೆ 20 ಕಿ.ಮೀ. ಹತ್ತಿರ ಬಂದಿದೆ. ಸೆಕೆಯ ಮಧ್ಯಾಹ್ನ ಇದ್ದಕ್ಕಿದ್ದಂತೆ ಗಾಳಿ ನಿಂತು, ಮತ್ತೆ ಮೋಡದ ಕಡೆಯಿಂದ ತಣ್ಣಗೆ, ಮಣ್ಣಿನ ವಾಸನೆ ಹೊತ್ತು ಬಂತೆಂದರೆ, ನೀರಿನ ಮೇಲೆ ಕಪ್ಪು ಗೆರೆಯೊಂದು ನಿಮ್ಮ ಕಡೆ ಓಡಿ ಬರುತ್ತಿದ್ದರೆ, ನಿಮ್ಮ 24 ನಿಮಿಷ ಆಗಲೇ ಖರ್ಚಾಗಿದೆ. ಮಳೆಗಿಂತ ಮುಂಚೆ ಬರುವುದು ಈ ಗಾಳಿ. ಹನಿ ಬಿದ್ದ ಮೇಲೆ ಕರೆದರಾಯಿತು ಎನ್ನುವ ಅಂಬಿಗರಿಗೆ ಇದನ್ನು ತೋರಿಸಿಯೇ ಹೇಳಬೇಕು.

ಎರಡೇ ಹಂತ ಸಾಕು

ಯೂರೋಪಿನ ಬೋಡೆನ್ ಸರೋವರದ ದಡದಲ್ಲಿ, ಸ್ವಿಟ್ಜರ್ಲೆಂಡಿನ ಕೆರೆಗಳಲ್ಲಿ ಕಿತ್ತಳೆ ದೀಪಗಳಿವೆ. ನಿಮಿಷಕ್ಕೆ 40 ಸಲ ಮಿನುಗಿದರೆ ಎಚ್ಚರ, 90 ಸಲ ಮಿನುಗಿದರೆ ಬಿರುಗಾಳಿ. ಬಣ್ಣ ಬದಲಾಗುವುದಿಲ್ಲ, ವೇಗ ಮಾತ್ರ ಬದಲಾಗುತ್ತದೆ. ಓದು ಬಾರದವರಿಗೂ, ಭಾಷೆ ತಿಳಿಯದವರಿಗೂ ಅರ್ಥವಾಗುತ್ತದೆ. ಇದನ್ನು ಹಾಗೇ ಎತ್ತಿಕೊಳ್ಳಬಹುದು.

ಮೊದಲ ಹಂತ, ‘ಹತ್ತಿರ ಬನ್ನಿ’: ದೀಪ ನಿಮಿಷಕ್ಕೆ 40, ಜೆಟ್ಟಿಯಲ್ಲಿ ಹಳದಿ ಬಾವುಟ, ಸೈರನ್ ಇಲ್ಲ. ನಿಮ್ಮ ಲೆಕ್ಕದ ದೂರದ ಒಂದೂವರೆ ಪಟ್ಟಿನೊಳಗೆ ಮಿಂಚು ಕಂಡರೆ, ಅಥವಾ ಸರಾಸರಿ ಗಾಳಿ 20 ಕಿ.ಮೀ., ಬೀಸು 30 ಕಿ.ಮೀ. ದಾಟಿದರೆ ಇದನ್ನು ಹಾಕಿ. ಹೊಸ ಟಿಕೆಟ್ ಕೊಡುವುದನ್ನು ನಿಲ್ಲಿಸಿ. ಪೆಡಲ್ ದೋಣಿ, ಹರಿಗೋಲು, ಕಯಾಕು ದಡಕ್ಕೆ. ಮೋಟಾರು ದೋಣಿ ಕಣ್ಣಳತೆಯಲ್ಲಿ ಇರಬಹುದು. ಈಜುವವರು ಮೇಲೆ.

ಎರಡನೇ ಹಂತ, ‘ಒಳಗೆ ಹೋಗಿ’: ದೀಪ 90, ಕೆಂಪು ಬಾವುಟ, ಏರಿಳಿಯುವ ಸೈರನ್ 3 ನಿಮಿಷ. ಲೆಕ್ಕದ ದೂರದೊಳಗೆ ಮಿಂಚು ಬಂದರೆ, ಬೀಸು 40 ದಾಟಿದರೆ, ಅಥವಾ ದಡದಲ್ಲಿ ಯಾರೇ ಒಬ್ಬರಿಗೆ ಗುಡುಗು ಕೇಳಿದರೆ. ಕೊನೆಯದ್ದಕ್ಕೆ ಚರ್ಚೆಯೇ ಬೇಡ. ಗುಡುಗು ಕೇಳಿತೆಂದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರವಿದೆ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡನ್ನು 3ರಿಂದ ಭಾಗಿಸಿದರೆ ಕಿ.ಮೀ. ಸಿಗುತ್ತದೆ, 30 ಸೆಕೆಂಡು ಅಂದರೆ 10 ಕಿ.ಮೀ. ಲೆಕ್ಕ ಹಾಕುವುದು ಓಡುತ್ತಾ ಇರಲಿ.

‘ಮುಗಿಯಿತು’ ಎನ್ನಲು ಸೈರನ್ ಬಳಸಬೇಡಿ. ಒಂದೇ ಬಾಯಿಂದ ಬರುವ ಎರಡು ಕೂಗಿನ ವ್ಯತ್ಯಾಸ ಪ್ರವಾಸಿಗೆ ತಿಳಿಯುವುದಿಲ್ಲ. ದೀಪ ಆರಿಸಿ, ಹಸಿರು ಬಾವುಟ ಏರಿಸಿ, ಮೈಕಿನಲ್ಲಿ ಹೇಳಿ. ಲಕ್ಕವಳ್ಳಿಯ ಭದ್ರಾ, ಗಾಜನೂರಿನ ತುಂಗಾ ಅಣೆಕಟ್ಟಿನಂಥ ಕಡೆ ಗೇಟು ತೆರೆಯುವ ಮುನ್ನಿನ ಸೈರನ್ ಯಾವ ದನಿಯದ್ದು ಎಂದು ಮೊದಲು ಅಣೆಕಟ್ಟಿನವರನ್ನು ಕೇಳಿಕೊಳ್ಳಿ. ನಿಮ್ಮದು ಅದರಂತೆ ಇರಲೇಬಾರದು. ಒಂದಕ್ಕೆ ಜನ ನದಿಯಿಂದ ಮೇಲಕ್ಕೆ ಓಡಬೇಕು, ಇನ್ನೊಂದಕ್ಕೆ ಕಟ್ಟಡದೊಳಗೆ ಹೋಗಬೇಕು.

ಮೈಕಿನಲ್ಲಿ ಏನು ಹೇಳಬೇಕೆಂಬುದನ್ನು ಬರೆದು ಗೋಡೆಗೆ ಅಂಟಿಸಿ. ‘ಪ್ರತಿಕೂಲ ಹವಾಮಾನದ ಹಿನ್ನೆಲೆಯಲ್ಲಿ ಸಾರ್ವಜನಿಕರು ಸಹಕರಿಸಬೇಕಾಗಿ’ ಎಂದು ಶುರು ಮಾಡಿದರೆ ವಾಕ್ಯ ಮುಗಿಯುವಷ್ಟರಲ್ಲಿ ಗಾಳಿ ಬಂದಿರುತ್ತದೆ. ಇಷ್ಟು ಸಾಕು: ‘ಸಿಡಿಲು ಬರ್ತಿದೆ. ಈಗಲೇ ದಡಕ್ಕೆ ಬನ್ನಿ. ಕಟ್ಟಡದ ಒಳಗೆ ಹೋಗಿ. ಮರದ ಕೆಳಗೆ ನಿಲ್ಲಬೇಡಿ.’ ಇದನ್ನೇ ಮೂರು ಸಲ, ಆಮೇಲೆ ಹಿಂದಿ, ಇಂಗ್ಲಿಷಿನಲ್ಲಿ ಒಂದೊಂದು ಸಲ.

ಸದ್ದಿನ ಲೆಕ್ಕದಲ್ಲಿ ಬೀಳುವ ಟೋಪಿ

ಕ್ಯಾಟಲಾಗಿನಲ್ಲಿ ‘120 ಡೆಸಿಬೆಲ್’ ಎಂದಿರುತ್ತದೆ. ಎಷ್ಟು ದೂರದಲ್ಲಿ ಎಂದು ಕೇಳಿ. ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. 1 ಮೀಟರಿನಲ್ಲಿ 120 ಇರುವ ಸೈರನ್ 500 ಮೀಟರಿನಲ್ಲಿ ಉಳಿಯುವುದು 66. ಮೋಟಾರು ದೋಣಿ ನಡೆಸುವವನ ಕಿವಿಯಲ್ಲಿ ಎಂಜಿನ್ನಿನದ್ದೇ 80ರ ಮೇಲಿರುತ್ತದೆ. ಅವನಿಗೆ ಏನೂ ಕೇಳುವುದಿಲ್ಲ. ಅದೇ 120 ಅಂಕಿಯನ್ನು 30 ಮೀಟರಿನಲ್ಲಿ ಅಳೆದದ್ದಾದರೆ 500 ಮೀಟರಿನಲ್ಲಿ ಸುಮಾರು 96 ಸಿಗುತ್ತದೆ. ಎರಡರ ಬೆಲೆಯಲ್ಲೂ ಅಜಗಜಾಂತರ. ಸುತ್ತಲಿನ ಸದ್ದಿಗಿಂತ ಕನಿಷ್ಠ 10 ಡೆಸಿಬೆಲ್ ಮೇಲಿರಬೇಕು ಎಂದಿಟ್ಟುಕೊಂಡು ಕೊಳ್ಳಿ.

ಇನ್ನೊಂದು ವಿಷಯ: ಎದುರುಗಾಳಿಯಲ್ಲಿ ಸದ್ದು ಮೇಲಕ್ಕೆ ಬಾಗಿ, ನೀರಿನ ಮೇಲಿರುವವರ ತಲೆ ಮೇಲೆ ಹಾದು ಹೋಗುತ್ತದೆ. ಆದ್ದರಿಂದ ಒಂದು ದೊಡ್ಡ ಸೈರನ್ನಿಗಿಂತ ಎದುರುಬದುರು ದಡದಲ್ಲಿ ಎರಡು ಸಾಧಾರಣದವು ಮೇಲು. ದೀಪವನ್ನು ನೀರಿನಿಂದ 6–8 ಮೀಟರು ಎತ್ತರದಲ್ಲಿ, ಹಿಂದೆ ಕಾಡಿನ ಕಪ್ಪು ಬರುವಂತೆ ಇಡಿ. ಆಕಾಶ ಹಿನ್ನೆಲೆಯಾದರೆ ಮಧ್ಯಾಹ್ನ ಕಾಣುವುದಿಲ್ಲ. ಇಷ್ಟೆಲ್ಲ ಆದಮೇಲೂ ಒಂದು ಮೋಟಾರು ದೋಣಿ, ಒಬ್ಬ ಚಾಲಕ, ತುಂಬಿದ ಪೆಟ್ರೋಲು, ಎಳೆದು ತರಲು 15 ಮೀಟರು ಹಗ್ಗ ಸದಾ ಜೆಟ್ಟಿಯಲ್ಲಿರಲಿ. ಮೊದಲ ಹಂತದಲ್ಲೇ ಅದು ಹೊರಟು ಹಿಂದುಳಿದವರನ್ನು ಕಟ್ಟಿ ತರಬೇಕು. ಎರಡನೇ ಹಂತದಲ್ಲಿ ಕಳಿಸಿದರೆ ಇನ್ನೊಬ್ಬರನ್ನು ಸಿಡಿಲಿಗೆ ಒಡ್ಡಿದಂತೆ.

ಮೊದಲ ಗಾಳಿಗೇ ಕರೆಂಟು ಹೋಗುವ ನಾಡಿನಲ್ಲಿ

ಎಲ್ಲೋ ಒಂದು ಕೊಂಬೆ ತಂತಿ ಮೇಲೆ ಬೀಳುತ್ತದೆ, ಸೈರನ್ ಬೇಕಾಗುವ ಹೊತ್ತಿಗೇ ಕರೆಂಟು ಇರುವುದಿಲ್ಲ. ಹಾಗಾಗಿ ಎಲ್ಲವೂ 12 ವೋಲ್ಟ್ ಬ್ಯಾಟರಿಯ ಮೇಲೆಯೇ ನಡೆಯಲಿ. ಕರೆಂಟಿನ ಕೆಲಸ ಅದನ್ನು ತುಂಬುವುದಷ್ಟೇ. ಲೆಕ್ಕ ಹೀಗೆ. 100 ವಾಟಿನ ಸೈರನ್ ಸುಮಾರು 10 ಆಂಪಿಯರ್ ಎಳೆಯುತ್ತದೆ. ದಿನಕ್ಕೆ 3 ನಿಮಿಷದ ಹತ್ತು ಕೂಗೆಂದರೆ 5 ಆಂಪಿಯರ್‌ಗಂಟೆ. 12 ವಾಟಿನ ಎರಡು ದೀಪ 4 ಗಂಟೆಗೆ 8. ಸೆನ್ಸರು, ಮೋಡೆಮ್ ಇಡೀ ದಿನಕ್ಕೆ 6. ಒಟ್ಟು 19. ಎರಡು ದಿನ ಚಾರ್ಜಿಲ್ಲದೆ ನಡೆಯಬೇಕು, ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬಸಿಯಬಾರದು, 76 ಆಯಿತು. ಹಳತಾಗುವುದಕ್ಕೂ ಸೇರಿಸಿ 100 ಆಂಪಿಯರ್‌ಗಂಟೆಯದ್ದು ಹಾಕಿ. 100 ವಾಟಿನ ಸೋಲಾರ್ ಫಲಕ ಏಪ್ರಿಲಿನಲ್ಲಿ ಇದನ್ನು ಸಲೀಸಾಗಿ ತುಂಬುತ್ತದೆ. ಆಷಾಢದಲ್ಲಿ ಅದರ ಕಾಲುಭಾಗವೂ ಬಾರದ ದಿನಗಳಿವೆ, ಫಲಕವನ್ನೇ ನಂಬಿ ಕೂರಬೇಡಿ. ಫಲಕದ ಮೇಲೆ ಹಾವಸೆ ಬೆಳೆಯುತ್ತದೆ, ತಿಂಗಳಿಗೊಮ್ಮೆ ಉಜ್ಜಬೇಕು.

ಎತ್ತರದ ಕಂಬವೆಂದರೆ ಸಿಡಿಲಿಗೆ ಆಹ್ವಾನ ಪತ್ರಿಕೆ. ತುದಿಗೆ ಮಿಂಚುಕೋಲು, ಅಲ್ಲಿಂದ ತಿರುವಿಲ್ಲದೆ ಇಳಿಯುವ 25×3 ಮಿ.ಮೀ. ತಾಮ್ರದ ಪಟ್ಟಿ, ಕೆಳಗೆ 3 ಮೀಟರಿನ ಮೂರು ಸರಳು, ಸರಳುಗಳ ನಡುವೆ 6 ಮೀಟರು ಅಂತರ. ಅರ್ಥಿಂಗಿನ ರೋಧ 10 ಓಮ್‌ಗಿಂತ ಕಡಿಮೆ ಬರಬೇಕು. ಇಲ್ಲಿ ಹೆಚ್ಚಿನವರು ಎಡವುತ್ತಾರೆ: ಆಗಸ್ಟಿನಲ್ಲಿ ಅಳೆದು 4 ಓಮ್ ಬಂತೆಂದು ಸರ್ಟಿಫಿಕೇಟ್ ಬರೆಸಿಕೊಳ್ಳುತ್ತಾರೆ. ನಮ್ಮ ಜಂಬಿಟ್ಟಿಗೆ ನೆಲ ಏಪ್ರಿಲಿಗೆ ಒಣಗಿ ಕಲ್ಲಾಗಿರುತ್ತದೆ, ಸಿಡಿಲು ಬರುವುದೂ ಆಗಲೇ. ಅಳೆಯುವುದನ್ನು ಮಾರ್ಚ್ ಕೊನೆಗೆ ಇಟ್ಟುಕೊಳ್ಳಿ, ಹೆಚ್ಚು ಬಂದರೆ ಸರಳು ಸೇರಿಸಿ. ಸೈರನ್ನಿಗೊಂದು, ಕಟ್ಟಡಕ್ಕೊಂದು ಎಂದು ಬೇರೆಬೇರೆ ಅರ್ಥಿಂಗ್ ಬಿಡಬೇಡಿ. ಎಲ್ಲವನ್ನೂ ಒಂದಕ್ಕೊಂದು ಕೂಡಿಸಿ, ಇಲ್ಲದಿದ್ದರೆ ಎರಡರ ನಡುವಿನ ವೋಲ್ಟೇಜು ಉಪಕರಣದೊಳಗೆ ಹಾಯುತ್ತದೆ. ಸರಳು ಹುಗಿಯುವ ಜಾಗ ಜನ ಬರಿಗಾಲಲ್ಲಿ ಓಡಾಡುವ ದಡದ ಮೆಟ್ಟಿಲುಗಳಿಂದ ದೂರವಿರಲಿ. ಕಂಬದಿಂದ ಕಚೇರಿಗೆ ತಂತಿ ಎಳೆಯುವ ಬದಲು 865–867 ಮೆಗಾಹರ್ಟ್ಸಿನ ಲೋರಾ, ಅಂದರೆ ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಂದೇಶ ಕಳಿಸುವ ರೇಡಿಯೊ, ಹಾಕಿದರೆ, ಆ ತರಂಗಕ್ಕೆ ಪರವಾನಗಿಯೂ ಬೇಡ, ಸಿಡಿಲಿನ ಏಟು ತಂತಿ ಹಿಡಿದು ಒಳಗೂ ಬರುವುದಿಲ್ಲ. ಸೈರನ್ ಗುಂಡಿ ಕಟ್ಟಡದ ಒಳಗೇ ಇರಬೇಕು, ಕಂಬದ ಬುಡದಲ್ಲಲ್ಲ.

ದಡವೇ ಸರಿದುಹೋದರೆ

ಸಾಗರದ ಗಣಪತಿ ಕೆರೆಯಂಥ ಊರ ಕೆರೆಗೆ ದಡ ಹೆಚ್ಚು ಅಲುಗುವುದಿಲ್ಲ. ಜಲಾಶಯದ ಮಾತು ಬೇರೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 1,819 ಅಡಿ. ಬೇಸಿಗೆ ಕೊನೆಗೆ 1,750 ಅಡಿಯ ಆಸುಪಾಸಿಗೆ ಇಳಿದ ವರ್ಷಗಳಿವೆ. ಅಕ್ಟೋಬರಿನಲ್ಲಿ ಜೆಟ್ಟಿಯ ಪಕ್ಕ ನೆಟ್ಟ ಸೈರನ್ ಮೇ ತಿಂಗಳಲ್ಲಿ ನೀರಿನಿಂದ ನೂರಾರು ಮೀಟರು ಹಿಂದೆ ಉಳಿದಿರುತ್ತದೆ. ಜನ ಅಷ್ಟು ದೂರ ಕೆಸರು, ಒಣ ನೆಲ ದಾಟಿ ಬರಬೇಕು, ಆ ಬಯಲಲ್ಲಿ ಅವರೇ ಎತ್ತರದ ವಸ್ತು. ಇದಕ್ಕೆ ಎರಡು ಉಪಾಯ. ದೀಪ, ಸೈರನ್, ಬ್ಯಾಟರಿಗಳ ಎರಡನೇ ಜೋಡಿಯನ್ನು ಎಳೆದೊಯ್ಯುವ ಟ್ರೇಲರಿನ ಮೇಲೆ ಕಟ್ಟಿ, ನೀರು 5 ಅಡಿ ಇಳಿದಾಗಲೆಲ್ಲ ಮುಂದೆ ಸರಿಸಿ. ದಡ–ಕಟ್ಟಡದ ನಡಿಗೆಯ ನಿಮಿಷವನ್ನೂ ಆಗಲೇ ಮತ್ತೆ ಅಳೆದು ಬೋರ್ಡು ತಿದ್ದಿ. ಏಪ್ರಿಲ್‌, ಮೇನಲ್ಲಿ ನೀರಿನಂಚಿಗೇ ಒಂದು ಗಟ್ಟಿ ಬಸ್ಸನ್ನು ತಂದು ನಿಲ್ಲಿಸಿದರೆ ಅದೇ ಆಸರೆಯಾಗುತ್ತದೆ. ಲೋಹದ ಚಾವಣಿಯ ಬಸ್ಸು, ಕಾರು ಕಿಟಕಿ ಮುಚ್ಚಿದ್ದರೆ ಸುರಕ್ಷಿತ. ನಾಲ್ಕು ಕಂಬದ ಮೇಲೆ ಹುಲ್ಲೋ ತಗಡೋ ಹೊದಿಸಿದ ಕುಟೀರ, ಟೆಂಟು, ಒಂಟಿ ಮರ ಯಾವುದೂ ಅಲ್ಲ. ಮಳೆ ತಡೆಯುವುದೆಲ್ಲ ಸಿಡಿಲು ತಡೆಯುವುದಿಲ್ಲ.

ನೀರಿಳಿದಾಗ ಮುಳುಗಿದ ಕಾಡಿನ ಮರದ ಬೊಡ್ಡೆಗಳು ಮೇಲ್ಮೈಯಿಂದ ಅರ್ಧ ಅಡಿ ಕೆಳಗಿರುತ್ತವೆ. ಗಾಬರಿಯಲ್ಲಿ ನೇರ ದಾರಿ ಹಿಡಿದ ದೋಣಿ ಅದಕ್ಕೆ ಬಡಿಯುತ್ತದೆ. ವಾಪಸಾಗುವ ದಾರಿಯನ್ನು ಎರಡು ಸಾಲು ಬೋಯ್ ಹಾಕಿ ಮೊದಲೇ ಗುರುತಿಸಿ. ಹಿನ್ನೀರಿನ ನಡುಗಡ್ಡೆಯಲ್ಲಿ ಟೆಂಟು ಹಾಕಿಸುವವರಿಗೆ ಸುಲಭದ ಉತ್ತರವಿಲ್ಲ. ಮುಂಗಾರುಪೂರ್ವ ಮಳೆಯ ದಿನಗಳಲ್ಲಿ ಮಧ್ಯಾಹ್ನ 1ರೊಳಗೆ ಎಲ್ಲರನ್ನೂ ದಡಕ್ಕೆ ತರುವುದೊಂದೇ ದಾರಿ.

ಗುಂಡಿ ಒತ್ತುವ ಕೈ

ಸೈರನ್ ಕೂಗಿಸಲು ಯಾರ ಅಪ್ಪಣೆಯೂ ಬೇಕಾಗಬಾರದು. ಕಾವಲಿನಲ್ಲಿರುವ ಒಬ್ಬರ ಹೆಸರು ಬೋರ್ಡಿನಲ್ಲಿರಲಿ, ಅವರು ಒತ್ತಿದ್ದಕ್ಕೆ ಆಮೇಲೆ ಪ್ರಶ್ನೆ ಬೇಡ. ಅವರು ಟಿಕೆಟ್ ಹರಿಯುವವರಾಗಿರಬಾರದು, ಆ ದಿನದ ಗಲ್ಲಾಪೆಟ್ಟಿಗೆಯಲ್ಲಿ ಪಾಲಿರುವವರಂತೂ ಆಗಲೇಬಾರದು. ಹತ್ತು ನಿಮಿಷ ಉಳಿದಿರುವ ಸವಾರಿಯನ್ನು ನಿಲ್ಲಿಸಿದರೆ ದುಡ್ಡು ಕೊಟ್ಟವರು ಜಗಳ ಮಾಡುತ್ತಾರೆ. ಅದಕ್ಕೆ ಹೆದರಿ ‘ಇನ್ನೊಂದು ಸುತ್ತು ಹೋಗಿ ಬರಲಿ’ ಎನ್ನುತ್ತಾರೆ. ಟಿಕೆಟಿನ ಹಿಂದೆಯೇ ‘ಎಚ್ಚರಿಕೆ ಬಂದರೆ ಸವಾರಿ ನಿಲ್ಲುತ್ತದೆ, ಹಣ ವಾಪಸ್’ ಎಂದು ಅಚ್ಚು ಹಾಕಿಸಿದರೆ ಈ ಜಗಳವೂ ಇಲ್ಲ, ತಡವೂ ಇಲ್ಲ.

ನೀರಿನಲ್ಲಿ ಎಷ್ಟು ಜನರಿದ್ದಾರೆ ಎಂದು ತಟ್ಟನೆ ಹೇಳಲು ಮೊಳೆ ಹೊಡೆದ ಹಲಗೆ ಸಾಕು. ಪ್ರತಿ ಲೈಫ್ ಜಾಕೆಟ್ಟಿಗೂ ಒಂದು ನಂಬರು, ಅದೇ ನಂಬರಿನ ಬಿಲ್ಲೆ. ಜಾಕೆಟ್ ಹೊರಗೆ ಹೋದರೆ ಬಿಲ್ಲೆ ಮೊಳೆಗೆ, ವಾಪಸ್ ಬಂದರೆ ಡಬ್ಬಿಗೆ. ಸೈರನ್ ಆದಮೇಲೆ ಹಲಗೆಯಲ್ಲಿ ಒಂದು ಬಿಲ್ಲೆ ಉಳಿದರೂ ಕಟ್ಟಡದೊಳಗೆ ತಲೆ ಎಣಿಸಬೇಕು.

ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಯಾರೂ ಹೊರಡುವಂತಿಲ್ಲ. ನಡುವೆ ಇನ್ನೊಂದು ಗುಡುಗಿದರೆ ಗಡಿಯಾರ ಮತ್ತೆ ಸೊನ್ನೆಯಿಂದ. ಮಳೆ ನಿಂತು ಬಿಸಿಲು ಬಿದ್ದಾಗ ಜನ ಹಟ ಮಾಡುತ್ತಾರೆ, ಆ ಹೊತ್ತಿಗೇ ಮೋಡದ ಬಾಲ ಇನ್ನೂ ತಲೆ ಮೇಲಿರುತ್ತದೆ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ, ಮುಟ್ಟಲು ಅಂಜಬೇಕಿಲ್ಲ. ಉಸಿರು ನಿಂತಿದ್ದರೆ ಒಬ್ಬರು 108ಕ್ಕೆ ಕರೆ ಮಾಡುವಾಗಲೇ ಇನ್ನೊಬ್ಬರು 30 ಸಲ ಎದೆ ಒತ್ತಿ, 2 ಸಲ ಉಸಿರು ಕೊಡುವುದನ್ನು ಶುರು ಮಾಡಬೇಕು. ಕಲಿತವರು ಪ್ರತಿ ಪಾಳಿಯಲ್ಲಿ ಇಬ್ಬರಾದರೂ ಇರಲಿ. ಫೋನ್ ಸಿಗ್ನಲ್ ದಡದ ಯಾವ ಮೂಲೆಯಲ್ಲಿ ಸಿಗುತ್ತದೆ ಎಂದು ಮೊದಲೇ ನೋಡಿ ಬಣ್ಣ ಬಳಿದಿಡಿ. ಜಿಲ್ಲಾ ತುರ್ತು ಕೇಂದ್ರದ 1077, ಪೊಲೀಸ್ ಮತ್ತು ಅಗ್ನಿಶಾಮಕಕ್ಕೆ 112 ಗೋಡೆ ಮೇಲಿರಲಿ.

ವಾರಕ್ಕೊಮ್ಮೆ ಹತ್ತು ಸೆಕೆಂಡು

ಜನ ಕಡಿಮೆ ಇರುವ ಒಂದು ದಿನ, ಒಂದೇ ಹೊತ್ತಿಗೆ, ಬೋರ್ಡಿನಲ್ಲಿ ಬರೆದು ತಿಳಿಸಿ, ಕರೆಂಟಿನ ಮೇನ್ ತೆಗೆದು ಸೈರನ್ನನ್ನು 10 ಸೆಕೆಂಡು ಕೂಗಿಸಿ. ಮೇನ್ ತೆಗೆಯದೆ ಮಾಡುವ ಪರೀಕ್ಷೆ ಬ್ಯಾಟರಿ ಸತ್ತಿರುವುದನ್ನು ಹೇಳುವುದಿಲ್ಲ. ತಿಂಗಳಿಗೊಮ್ಮೆ ಒಬ್ಬರು ಅತಿ ದೂರದ ತಿರುವಿನಲ್ಲಿ ಎಂಜಿನ್ ಚಾಲೂ ಇಟ್ಟು ಕೂತು, ಕೇಳಿತೋ ಇಲ್ಲವೋ ಬರೆದುಕೊಳ್ಳಲಿ. ಮಾರ್ಚಿನಲ್ಲಿ, ಮತ್ತೆ ದಸರೆಗೆ ಮುನ್ನ, ಪ್ರವಾಸಿಗಳು ಇರುವಾಗಲೇ ಪೂರ್ತಿ ಕವಾಯತು ಮಾಡಿ. ಸೈರನ್ನಿನಿಂದ ಕೊನೆಯವರು ಒಳಗೆ ಬರುವವರೆಗಿನ ಹೊತ್ತನ್ನು ಮೊದಲಿನ ಲೆಕ್ಕದ ಪಕ್ಕ ಬರೆಯಿರಿ. ಹೆಚ್ಚಾದರೆ ಬೋಯ್ ಒಳಗೆ ಸರಿಸಿ.

ಕೆಡುವ ವಸ್ತುಗಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಸೈರನ್ನಿನ ಕೊಂಬಿನ ಬಾಯಲ್ಲಿ ಕಡಜ ಮಣ್ಣಿನ ಗೂಡು ಕಟ್ಟುತ್ತದೆ, ಸದ್ದು ಅರ್ಧಕ್ಕಿಳಿಯುತ್ತದೆ. ಬಾಯಿಗೆ ಸೊಳ್ಳೆಪರದೆಯಂಥ ಸ್ಟೀಲ್ ಜಾಲರಿ ಬಿಗಿಯಿರಿ. ಕಂಟ್ರೋಲ್ ಪೆಟ್ಟಿಗೆ ಧೂಳು, ನೀರು ತಡೆಯುವ ಐಪಿ65 ದರ್ಜೆಯದ್ದಾದರೂ ತಂತಿ ಮೇಲಿನಿಂದ ಒಳಬಂದರೆ ನೀರೂ ಅದೇ ದಾರಿ ಹಿಡಿಯುತ್ತದೆ. ತಂತಿ ಕೆಳಗಿನಿಂದ, ಒಂದು ಬಾಗು ಕೆಳಗಿಳಿದು ಒಳಬರಬೇಕು. ಪೆಟ್ಟಿಗೆಯ ತಳದಲ್ಲಿ ಸಣ್ಣ ರಂಧ್ರ, ಅದಕ್ಕೂ ಜಾಲರಿ. ಇಲ್ಲದಿದ್ದರೆ ಇರುವೆ ಗೂಡು, ಹಲ್ಲಿ ಸಿಕ್ಕಿ ಶಾರ್ಟು. ಕನೆಕ್ಟರುಗಳಿಗೆ ಮಳೆಗಾಲಕ್ಕೆ ಮುನ್ನ ಗ್ರೀಸು ಸವರಿ, ಹಸಿರು ಕಿಲುಬು ಕಂಡರೆ ಬದಲಿಸಿ. ಗಾಳಿಮಾಪಕದ ಬಟ್ಟಲು ಶಾಂತ ದಿನದಲ್ಲೂ ಊದಿದರೆ ತಿರುಗಬೇಕು. ಬೇರಿಂಗ್ ಹಿಡಿದ ಮಾಪಕ ಯಾವಾಗಲೂ ಸೊನ್ನೆ ತೋರಿಸುತ್ತದೆ, ಸೊನ್ನೆ ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಇನ್ನು ಮಂಗಗಳು: ಕಂಬದ ತುದಿಯ ಆ ಮೂರು ಬಟ್ಟಲು ಅವಕ್ಕೆ ಆಟದ ಸಾಮಾನು. ಕಂಬದ ನಡುವೆ ಅಗಲದ ತಗಡಿನ ಕೊಳವೆ ತೊಡಿಸಿದರೆ ಹತ್ತಲು ಹಿಡಿತ ಸಿಗುವುದಿಲ್ಲ, ಪಕ್ಕದ ಮರದ ಕೊಂಬೆ ಮೂರು ಮೀಟರಿನೊಳಗೆ ಬಾರದಂತೆ ಸವರಿಡಿ. ಒಂದು ಬಟ್ಟಲು ಮುರಿದರೂ ಮಾಪಕ ತಿರುಗುತ್ತದೆ, ಲೆಕ್ಕ ಮಾತ್ರ ತಪ್ಪು. ಹಾಗಾಗಿ ವಾರದ ಪರೀಕ್ಷೆಯ ಪಟ್ಟಿಯಲ್ಲಿ ‘ಬಟ್ಟಲು ಮೂರೂ ಇವೆಯೇ’ ಎಂಬುದೂ ಒಂದು ಸಾಲಾಗಿರಲಿ.